ಮೌಸ್ ಕಾಯುವ ಕವಲಂದೆಯ ಅಜ್ಜ

ಗೆಳೆಯರೇ, ಇವತ್ತು ಪಹಣಿ ತೆಗೆಸಲು ನಂಜನಗೂಡಿನ ಒಂದು ಸರ್ಕಾರಿ ಕಚೇರಿಗೆ ಹೋಗಿದ್ದೆ. ಕಂಪ್ಯೂಟರಿನ ಮುಂದೆ, ಗುಮಾಸ್ತರ ಕುರ್ಚಿಯಲ್ಲಿ, ಹೆಗಲ ಮೇಲೆ ಟವೆಲ್ ಹಾಕಿಕೊಂಡ ಅಜ್ಜ ಕೂತಿದ್ದರು. ಎರಡೂ ಕೈಯಲ್ಲಿ ಮೌಸ್ ಹಿಡಿದು ರಾಗಿ ಬೀಸುವಂತೆ ದುಂಡಗೆ ತಿರುಗಿಸುತ್ತಿದ್ದರು.

"ನೀವು ಇಲ್ಲಿ ಕೆಲಸಕ್ಕಿದ್ದೀರಾ ಅಜ್ಜಾ?" ಎಂದೆ.

"ಇಲ್ಲ ಕಣವ್ವ, ಕವಲಂದೆಯಿಂದ ಪಾಣಿಗೆ ಬಂದೋನು. ಸಾಹೇಬ್ರು ಕಾಪಿ ಕುಡಿಯಕ್ಕೆ ಓಗವ್ರೆ. ಇದ್ನ ಅಲ್ಲಾಡುಸ್ತಾ ಇರು, ನಿಲ್ಸುದ್ರೆ ಬೀಗ ಬಿದ್ದೋಯ್ತದೆ ಅಂದ್ರು."

ಪಕ್ಕದ ಮೇಜಿನವರು ವಿವರಿಸಿದರು. ಐದು ನಿಮಿಷ ಯಾರೂ ಮುಟ್ಟದಿದ್ದರೆ ಪರದೆ ತಾನಾಗಿ ಲಾಕ್ ಆಗುವಂತೆ ಮೇಲಧಿಕಾರಿಗಳು ಮಾಡಿಸಿದ್ದಾರಂತೆ. ಮತ್ತೆ ಪಾಸ್‌ವರ್ಡ್ ಹೊಡೆಯುವ ಕಷ್ಟಕ್ಕೆ ಗುಮಾಸ್ತರು ಕಂಡುಕೊಂಡ ಪರಿಹಾರ ಈ ಅಜ್ಜ. ತಾಲೂಕಿನ ಹೊಲಗದ್ದೆಯೆಲ್ಲ ಆ ಪರದೆಯ ಮೇಲೆ ಬಾಗಿಲು ತೆರೆದುಕೊಂಡು ಬಿದ್ದಿತ್ತು.

ಮುಕ್ಕಾಲು ಗಂಟೆಯ ಮೇಲೆ ಗುಮಾಸ್ತರು ಬಾಯಿ ಒರೆಸಿಕೊಳ್ಳುತ್ತಾ ಬಂದರು.

"ಸಾರ್, ಯಾರಾದ್ರೂ ದಾಖಲೆ ತಿದ್ದಿಬಿಟ್ರೆ?" ಎಂದು ಕೇಳಿದೆ.

"ಅದಕ್ಕೇ ಕಣ್ರೀ ಓದಕ್ಕೆ ಬರ್ದೇ ಇರೋರ್ನ ನೋಡಿ ಕೂರ್ಸಿರೋದು. ಓದಿರೋರ್ನ ನಂಬಕ್ಕಾಗಲ್ಲ" ಎಂದರು, ನನ್ನನ್ನೇ ನೋಡುತ್ತಾ.

ಅಜ್ಜ ಎದ್ದು ಕೈ ಮುಗಿದು, "ಈಗ ನನ್ ಪಾಣಿ ಕೊಡಿ ಸಾ" ಎಂದರು.

ಗುಮಾಸ್ತರು ಗಡಿಯಾರ ನೋಡಿದರು. "ಊಟದ ಟೈಮಾಯ್ತು, ಮೂರು ಗಂಟೆಗೆ ಬನ್ನಿ" ಎಂದವರೇ ಕೀಲಿಮಣೆಯ ಮೇಲೆ ಎರಡು ಬೆರಳು ಒತ್ತಿದರು. ಪರದೆ ಲಾಕ್ ಆಯಿತು.

ಲಾಕ್ ಮಾಡುವುದು ಅವರಿಗೆ ಗೊತ್ತಿಲ್ಲ ಎಂದುಕೊಂಡಿದ್ದೆ, ನನ್ನದೇ ತಪ್ಪು. ಎದುರಿಗೆ ನಾವು ಸಾಲುಗಟ್ಟಿ ನಿಂತಿದ್ದರೆ ಬಹಳ ಚೆನ್ನಾಗಿ ಗೊತ್ತಿರುತ್ತದೆ.