ಬಿರುಗಾಳಿಗೊಂದು ಸಾಫ್ಟ್‌ವೇರ್ ಆರಿಸಿದ್ದು

ಮಹದೇವಪುರದಲ್ಲಿ ಆಗ ನಾವು ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದೆವು. ನಾವು ಎಂದರೆ ಕಂಪನಿ. ನನ್ನದು ಸೈಟಿನ ಸುರಕ್ಷತೆ ನೋಡಿಕೊಳ್ಳುವ ಕೆಲಸ. ಹೆಲ್ಮೆಟ್ ಹಾಕ್ಕೊಳ್ರಪ್ಪಾ ಎಂದು ದಿನವಿಡೀ ಬಾಯಿ ಬಡಿದುಕೊಳ್ಳುವ ಕೆಲಸ ಎಂದರೂ ತಪ್ಪಿಲ್ಲ. ಏಪ್ರಿಲ್ ಬಂತೆಂದರೆ ಇಲ್ಲಿನ ಗಾಳಿಗೆ ತಲೆ ಕೆಡುತ್ತದೆ. ಮಧ್ಯಾಹ್ನ ಮೂರರವರೆಗೆ ಒಂದು ಎಲೆ ಅಲ್ಲಾಡುವುದಿಲ್ಲ, ನಾಲ್ಕಕ್ಕೆ ತಗಡಿನ ಶೀಟುಗಳು ಹಾರಿಹೋಗುತ್ತಿರುತ್ತವೆ.

ನನ್ನ ಚಿಂತೆ ಮುಖ್ಯವಾಗಿ ಒಬ್ಬನದು. ಟವರ್ ಕ್ರೇನ್ ನಡೆಸುವವನು, ಬಾಗಲಕೋಟೆ ಕಡೆಯವನು, ಹೆಚ್ಚು ಮಾತಿಲ್ಲ. ಅಷ್ಟೆತ್ತರದ ಕ್ಯಾಬಿನ್ನಿನಿಂದ ಏಣಿ ಹಿಡಿದು ಇಳಿಯಲು ಇಪ್ಪತ್ತು ನಿಮಿಷ ಬೇಕು. ಗಾಳಿ ಎದ್ದ ಮೇಲೆ ಏಣಿಗೆ ಕಾಲಿಡುವಂತಿಲ್ಲ. ಅವನಿಗೆ ಮುಂಚೆಯೇ ತಿಳಿಯಬೇಕು, ಇಲ್ಲದಿದ್ದರೆ ಜೀವಕ್ಕೇ ಸಂಚಕಾರ.

ಹೆಡ್ ಆಫೀಸಿನವರು ಮೂರು ಸಾಫ್ಟ್‌ವೇರ್ ನೋಡಿ ಒಂದನ್ನು ಆರಿಸು ಎಂದರು. ಮೊದಲನೆಯದು ಅಮೆರಿಕದ ಚಂಡಮಾರುತಗಳಿಗೆಂದೇ ಮಾಡಿದ್ದು. ಪರದೆಯ ತುಂಬ ಸಮುದ್ರ, ಸಮುದ್ರದ ತುಂಬ ಬಣ್ಣಬಣ್ಣದ ಸುಳಿ. ಚಂಡಮಾರುತದ ದಾರಿಯನ್ನು ಮೂರು ದಿನ ಮುಂಚೆಯೇ ಹೇಳುತ್ತದೆ ಎಂದು, ಅದನ್ನು ತೋರಿಸಲು ಬಂದವರು ಎದೆಯುಬ್ಬಿಸಿದರು. ನಮ್ಮ ಗಾಳಿ ಹೊಸಕೋಟೆ ಹತ್ತಿರ ಎದ್ದು ಅರ್ಧ ಗಂಟೆಗೆ ಇಲ್ಲಿರುತ್ತದೆ, ಸಮುದ್ರ ಕಟ್ಟಿಕೊಂಡು ನಾನೇನು ಮಾಡಲಿ ಎಂದು ಕೇಳಿದೆ. ಅವರು ಚಹಾ ಮುಗಿಸಿ ಹೊರಟರು. ಎರಡನೆಯದಕ್ಕೆ ಇಡೀ ಬೆಂಗಳೂರು ಒಂದೇ ಊರು. ಪೀಣ್ಯದಲ್ಲಿ ಮಳೆ ಹೊಯ್ಯುವಾಗ ನಮ್ಮಲ್ಲಿ ಧೂಳು ಹಾರುತ್ತಿರುತ್ತದೆ ಎಂಬುದು ಅದಕ್ಕೆ ಗೊತ್ತೇ ಇಲ್ಲ.

ಮೂರನೆಯದು ಸೈಟಿನ ಸುತ್ತಮುತ್ತಲಿನ ಮೋಡವನ್ನಷ್ಟೇ ನೋಡುತ್ತಿತ್ತು. ಎಚ್ಚರಿಕೆ ನೇರವಾಗಿ ಕೆಲಸಗಾರರ ಫೋನಿಗೇ ಹೋಗುತ್ತದೆ, ಅವರವರ ಭಾಷೆಯಲ್ಲಿ. ಓದಿದವರು ‘ಸರಿ’ ಒತ್ತಿದರೆ ನನ್ನ ಪರದೆಯಲ್ಲಿ ಅವರ ಹೆಸರು ಹಸಿರಾಗುತ್ತದೆ. ವಾಕಿಟಾಕಿಯಲ್ಲಿ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡವಳಿಗೆ ಇನ್ನೇನು ಬೇಕು? ಅದನ್ನೇ ಆರಿಸಿದೆ.

ಶುರುಮಾಡುವ ಮುಂಚೆ ಸಾಫ್ಟ್‌ವೇರಿನವರು ಸಂದೇಶಗಳ ಪಟ್ಟಿ ಕಳಿಸಿ, ಸರಿಯಿದೆಯೇ ನೋಡಿ ಎಂದಿದ್ದರು. ಎಡಗಡೆ ಇಂಗ್ಲಿಷ್, ಬಲಗಡೆ ಕನ್ನಡ. ಇಂಗ್ಲಿಷನ್ನು ಎರಡು ಸಲ ಓದಿದೆ, ಒಂದು ಅಲ್ಪವಿರಾಮವನ್ನೂ ತಿದ್ದಿದೆ. ಕನ್ನಡ ತಾನೇ, ಅದರಲ್ಲೇನು ನೋಡುವುದು ಎಂದುಕೊಂಡು ಒಪ್ಪಿಗೆ ಕಳಿಸಿಬಿಟ್ಟೆ.

ಅದೇ ವಾರ ಮೊದಲ ಎಚ್ಚರಿಕೆ ಬಂತು. ಚುರುಚುರು ಬಿಸಿಲಿತ್ತು. ಅರ್ಧ ಗಂಟೆಯಲ್ಲಿ ಬಿರುಗಾಳಿ ಎಂದು ನನ್ನ ಫೋನು ಇಂಗ್ಲಿಷಿನಲ್ಲಿ ಹೇಳಿತು. ಕ್ರೇನಿನವನ ಹೆಸರು ಆ ಕ್ಷಣವೇ ಹಸಿರಾಯಿತು. ಪರವಾಗಿಲ್ಲವೇ ಎಂದುಕೊಂಡು, ಅವನು ಇಳಿಯುತ್ತಿದ್ದಾನೆ ಎಂದೇ ನಂಬಿ, ಹಿಂದಿನ ಬ್ಲಾಕಿನಲ್ಲಿ ಸಾರುವೆ ಮೇಲೆ ನಿಂತು ಗಾರೆ ಮಾಡುತ್ತಿದ್ದವರನ್ನು ಇಳಿಸಲು ಹೋದೆ.

ಗಾಳಿ ಬಂತು. ಹೇಳಿದ ಹೊತ್ತಿಗೇ ಬಂತು. ಧೂಳಿನಲ್ಲಿ ಕಣ್ಣುಜ್ಜಿಕೊಂಡು ತಲೆಯೆತ್ತಿದರೆ ಕ್ಯಾಬಿನ್ನಿನ ಗಾಜಿನ ಹಿಂದೆ ಹಳದಿ ಹೆಲ್ಮೆಟ್ ಕಂಡಿತು.

ವಾಕಿಟಾಕಿ ಎತ್ತಿಕೊಂಡು, ಈಗ ಇಳಿಯಬೇಡ, ಬ್ರೇಕ್ ಬಿಡು, ಕ್ರೇನಿನ ತೋಳು ಗಾಳಿಗೆ ತಿರುಗಿಕೊಳ್ಳಲಿ, ತಡೆದರೆ ಗೋಪುರವೇ ಉರುಳೀತು ಎಂದೆ. ಆಗಲೇ ಬಿಟ್ಟಿದ್ದೇನೆ ಎಂದ. ಆ ಉದ್ದದ ತೋಳು ಹೇಗೆಂದರೆ ಹಾಗೆ ತಿರುಗುತ್ತಿತ್ತು, ಗೋಪುರ ಕಿರ್ರೆನ್ನುತ್ತಿತ್ತು, ಆಲಿಕಲ್ಲು ಬಿದ್ದವು. ಮುಕ್ಕಾಲು ಗಂಟೆ ತಲೆಯೆತ್ತಿಕೊಂಡೇ ನಿಂತಿದ್ದೆ.

ಗಾಳಿ ನಿಂತ ಮೇಲೆ ಅವನು ಇಳಿದು ಬಂದ. ಬಾಟಲಿಯ ನೀರನ್ನೆಲ್ಲ ತಲೆಗೇ ಸುರಿದುಕೊಂಡ. ನನಗೋ, ಅವನು ಬದುಕಿದನೆಂಬ ಸಮಾಧಾನವೆಲ್ಲ ಸಿಟ್ಟಾಗಿ ಹೊರಟಿತು. ‘ಸರಿ’ ಅಂತ ಒತ್ತಿ ಮೇಲೇ ಕೂತಿದ್ದೆಯಲ್ಲ, ತಲೆ ನೆಟ್ಟಗಿದೆಯಾ ಎಂದು ಎಲ್ಲರೆದುರು ಗದರಿದೆ. ಅವನು ಜೇಬಿನಿಂದ ಫೋನು ತೆಗೆದು ನನ್ನ ಮುಂದೆ ಹಿಡಿದ.

ಇಂಗ್ಲಿಷಿನಲ್ಲಿ ಗಾಳಿಯ ಮಾಹಿತಿ ಎಂಬರ್ಥದ ತಲೆಬರಹವಿತ್ತು. ಯಂತ್ರ ಅದನ್ನು ಪದಕ್ಕೆ ಪದ ಇಟ್ಟು ಕನ್ನಡಕ್ಕೆ ತಂದಿತ್ತು. ‘ಗಾಳಿ ಸುದ್ದಿ: ನಿಮ್ಮ ಸ್ಥಳಕ್ಕೆ ಅರ್ಧ ಗಂಟೆಯಲ್ಲಿ ಬಿರುಗಾಳಿ ಬರಲಿದೆ.’

“ಗಾಳಿ ಸುದ್ದಿ ಅಂತ ಅದ ಹೇಳಾಕತ್ತೈತಲ್ರಿ ಮೇಡಂ,” ಎಂದ. “ಯಾರೋ ಚ್ಯಾಷ್ಟಿ ಮಾಡ್ಯಾರಂತ ತಿಳದು ಒತ್ತಿಬಿಟ್ನಿರಿ.”

ಸುತ್ತ ನಿಂತವರಲ್ಲಿ ಒಬ್ಬಿಬ್ಬರು ನಕ್ಕರು. ನನಗೆ ನಗು ಬರಲಿಲ್ಲ. ಅನುವಾದದ ತಪ್ಪು ಎಂದು ಹೆಡ್ ಆಫೀಸಿಗೆ ಬರೆದು ಕೈತೊಳೆದುಕೊಳ್ಳಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ಆದರೆ ಅವನು ಹಿಡಿದ ಫೋನು ಇನ್ನೂ ನನ್ನ ಕಣ್ಣ ಮುಂದೆಯೇ ಇತ್ತು, ನನಗೆ ತುಂಬ ನಾಚಿಕೆಯಾಯಿತು.

“ನನ್ನದೇ ತಪ್ಪು ಕಣಪ್ಪ,” ಎಂದೆ. “ಇಂಗ್ಲಿಷ್ ಅಷ್ಟೇ ಓದಿ ಒಪ್ಪಿಗೆ ಕೊಟ್ಟೆ. ಕನ್ನಡದ್ದು ಓದಲಿಲ್ಲ.”

ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅವನು ಫೋನನ್ನು ಜೇಬಿಗಿಳಿಸಿ, ಏನೋ ಗೊತ್ತಿಲ್ಲದವಳಿಗೆ ತಿಳಿಸಿ ಹೇಳುವ ಹಾಗೆ ಮೆಲ್ಲಗೆ ಹೇಳಿದ.

“ನಾವು ಓದೂದು ಅದನ್ನ ರೀ, ಮೇಡಂ.”