ಗುಬ್ಬಿ ಮದುವೆಯ ರಜಾಯಿಗಳು

1998ರ ಮಳೆಗಾಲದ ಹೊತ್ತಿಗೆ ತುಮಕೂರಿನಲ್ಲಿ ನನ್ನ ಹಾಸಿಗೆ ಅಂಗಡಿಗೆ ಹನ್ನೊಂದು ವರ್ಷ ತುಂಬಿತ್ತು. ಬಸ್ ಸ್ಟ್ಯಾಂಡಿನಿಂದ ನಡೆದುಹೋಗುವಷ್ಟು ದೂರದ ಒಂದು ಅಡ್ಡರಸ್ತೆ. ಮುಂದಿನ ಕೋಣೆಯಲ್ಲಿ ಮಾರಾಟ, ಹಿಂದಿನ ಕೋಣೆಯಲ್ಲಿ ಹೊಲಿಗೆ. ಹಾಸಿಗೆ, ದಿಂಬು ಎಲ್ಲ ಮಾಡುತ್ತಿದ್ದೆವಾದರೂ ನಮಗೆ ಹೆಸರು ತಂದುಕೊಟ್ಟದ್ದು ಹತ್ತಿ ತುಂಬಿ ಹೊಲಿದ ಹೊದಿಕೆ, ರಜಾಯಿ. ನಿಟ್ಟೂರಿನ ನನ್ನ ತವರಿನಲ್ಲಿ ಅಜ್ಜಿ, ಅಮ್ಮ ಇಬ್ಬರೂ ಹೊದಿಕೆ ಹೊಲಿಯುತ್ತಿದ್ದವರು. ಆ ಕೈಕೆಲಸವನ್ನೇ ನಾನು ಪೇಟೆಗೆ ತಂದಿದ್ದೆ. ನಮ್ಮ ಯಜಮಾನರು ಹೈಸ್ಕೂಲು ಮೇಷ್ಟ್ರು. ಅಂಗಡಿಯ ವಿಷಯಕ್ಕೆ ತಲೆ ಹಾಕುತ್ತಿರಲಿಲ್ಲ.

ಅಂಗಡಿಯಲ್ಲಿ ನನ್ನ ಜೊತೆಗಿದ್ದವನು ನಾಗರಾಜ. ಕೋರದಲ್ಲಿದ್ದ ನನ್ನ ಚಿಕ್ಕಮ್ಮನ ಮಗ. ಅಂಗಡಿ ತೆರೆದ ವಾರದಲ್ಲೇ ಬಂದು ಸೇರಿದ. ಹತ್ತಿಯನ್ನು ಬೆರಳ ನಡುವೆ ಎಳೆದು ಎಳೆಯ ಉದ್ದ ನೋಡುವುದು, ರಜಾಯಿಯ ಮೂಲೆಗಳಿಗೆ ಹತ್ತಿ ಸಮನಾಗಿ ತಲುಪುವಂತೆ ಕೋಲಿನಿಂದ ತಟ್ಟುವುದು, ದಬ್ಬಳದಲ್ಲಿ ಒಂದೇ ಅಂತರಕ್ಕೆ ಹೊಲಿಗೆ ಹಾಕುವುದು, ಇವನ್ನೆಲ್ಲ ನಾವಿಬ್ಬರೂ ಜೊತೆಜೊತೆಗೆ ಮಾಡುತ್ತ ಪಳಗಿದೆವು. ಮಾತಿನಲ್ಲಿ ಅವನು ನನಗಿಂತ ಮುಂದು. ಗಿರಾಕಿಗಳು ಬಂದರೆ ಮೊದಲು ಅವನನ್ನೇ ಹುಡುಕುತ್ತಿದ್ದರು. ಐದನೇ ವರ್ಷಕ್ಕೆ ಅವನನ್ನು ಸಮಪಾಲುದಾರನನ್ನಾಗಿ ಮಾಡಿಕೊಂಡೆ. ಅವನು ನನ್ನ ಒಡಹುಟ್ಟಿದ ತಮ್ಮನಲ್ಲ ಎಂದರೆ ಯಾರೂ ನಂಬುತ್ತಿರಲಿಲ್ಲ. ಎಷ್ಟೋ ಸಲ ನನಗೇ ಅದು ಮರೆತುಹೋಗುತ್ತಿತ್ತು.

ಆ ವರ್ಷ ದಸರೆಗೆ ಮುಂಚೆ ಗುಬ್ಬಿಯಿಂದ ಒಂದು ಸಮಿತಿಯವರು ಬಂದರು. ಕಾರ್ತಿಕದಲ್ಲಿ ನಲವತ್ತು ಜೋಡಿಗಳ ಸಾಮೂಹಿಕ ವಿವಾಹ ಇಟ್ಟುಕೊಂಡಿದ್ದರು. ಪ್ರತಿ ಜೋಡಿಗೂ ಒಂದು ಹಾಸಿಗೆ, ಒಂದು ರಜಾಯಿ, ಎರಡು ದಿಂಬು ಕೊಡುವುದು ಅವರ ಯೋಚನೆ. ಹಾಸಿಗೆ, ದಿಂಬನ್ನು ಬೇರೆಯವರಿಗೆ ಒಪ್ಪಿಸಿದ್ದರು. ರಜಾಯಿ ಮಾತ್ರ ನಮ್ಮಲ್ಲೇ ಆಗಬೇಕೆಂದು ಅಧ್ಯಕ್ಷರು ಪಟ್ಟು ಹಿಡಿದಿದ್ದರಂತೆ. ಅಷ್ಟು ದೊಡ್ಡ ಕೆಲಸ ನಮಗೆ ಹಿಂದೆಂದೂ ಸಿಕ್ಕಿರಲಿಲ್ಲ. ದಾವಣಗೆರೆ ಕಡೆಯ ಜಿನ್ನಿಂಗ್ ಮಿಲ್ಲಿಗೆ ನಾನೇ ಹೋಗಿ, ಬೀಜ ತೆಗೆದ ಒಳ್ಳೆಯ ಉದ್ದ ಎಳೆಯ ಹತ್ತಿ ಆರಿಸಿ ತಂದೆ.

ಹತ್ತಿ ಬಂದಿಳಿಯಿತು, ಅದರ ಹಿಂದೆಯೇ ಮಳೆ ಹಿಡಿಯಿತು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂದು ರೇಡಿಯೋದಲ್ಲಿ ಬೆಳಿಗ್ಗೆ ಸಂಜೆ ಅದೇ ಸುದ್ದಿ. ಜೋರು ಮಳೆಯಾದರೆ ಬಂದು ಹೋಗುತ್ತದೆ. ಇದು ಬಿಡದ ಜಡಿಮಳೆ. ನಮ್ಮ ಕಸುಬಿಗೆ ಇದರಷ್ಟು ಕೆಟ್ಟದ್ದು ಬೇರೊಂದಿಲ್ಲ. ಹತ್ತಿ ಗಾಳಿಯಲ್ಲಿನ ತೇವವನ್ನೇ ಕುಡಿಯುತ್ತದೆ. ತೇವದ ಹತ್ತಿಯನ್ನು ಹಿಂಜುವ ಮೆಷಿನ್ನಿಗೆ ಹಾಕಿದರೆ ಗಂಟು ಕಟ್ಟಿಕೊಂಡು ಹೊರಬರುತ್ತದೆ. ಹಾಗೇ ತುಂಬಿ ಹೊಲಿದರೆ ಒಳಗೇ ಮುಗ್ಗುತ್ತದೆ. ಅಂಗಡಿಯ ಹಿಂದಿನ ಗೋಡೆ ಜಿನುಗಲು ಶುರುವಾದಾಗ ಹತ್ತಿಯನ್ನೆಲ್ಲ ಸದಾಶಿವನಗರದ ನಮ್ಮ ಮನೆಗೆ ಸಾಗಿಸಿದೆ. ನಡುಮನೆ, ಮಲಗುವ ಕೋಣೆ ಎರಡೂ ಮೂಟೆಗಳಿಂದ ತುಂಬಿಹೋದವು. ನಾವು ಅಡುಗೆಮನೆಯಲ್ಲಿ ಮಲಗಿದೆವು. ಯಜಮಾನರು ಒಂದು ಮೂಟೆಯ ಮೇಲೆ ಕೂತು ಇನ್ನೊಂದರ ಮೇಲೆ ಉತ್ತರಪತ್ರಿಕೆ ಇಟ್ಟುಕೊಂಡು ತಿದ್ದಿದರು.

ಆಗ ನಾಗರಾಜ ಒಂದು ದಾರಿ ತೋರಿಸಿದ. "ಅಕ್ಕ, ಇಲ್ಲಿ ಹಿಂಜಕ್ಕಾಗಲ್ಲ ಕಣಕ್ಕ. ಕೋರದಲ್ಲಿ ನಮ್ ಮನೆ ಹಿಂದೆ ಶೆಡ್ ಐತೆ, ಒಂದು ಹನಿ ಸೋರಲ್ಲ. ಮೆಷಿನ್ನೂ ಅಲ್ಲಿಗೇ ಸಾಗಿಸ್ತೀನಿ. ನೀನು ಇಲ್ಲಿ ಕವರ್ ಹೊಲಿಸ್ಕೊಂಡು ಬೇರೆ ಮದುವೆ ಆರ್ಡ್ರು ನೋಡ್ಕೋ. ತುಂಬೋದು ನನಗೆ ಬುಡು."

ನನಗೆ ನೆಮ್ಮದಿಯಾಯಿತು. ದೀಪಾವಳಿಯ ಚಳಿ, ಮದುವೆ ಸೀಸನ್ನು ಎರಡೂ ಒಟ್ಟಿಗೆ ಬಂದು ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹತ್ತಿ ಟೆಂಪೋದಲ್ಲಿ ಕೋರಕ್ಕೆ ಹೋಯಿತು. ನಾನು ಹೊಲಿಸಿದ ಹೂವಿನ ಚಿತ್ತಾರದ ಕವರುಗಳನ್ನು ಅವನು ಬಂದು ಒಯ್ಯುತ್ತಿದ್ದ. ಕೆಲಸ ಹೇಗೆ ನಡೆದಿದೆ ಎಂದು ಕೇಳಿದರೆ "ಹೂವಿನ್ ಥರ ಬಂದೈತೆ ಹತ್ತಿ" ಎನ್ನುತ್ತಿದ್ದ. ಒಮ್ಮೆ ನಾನೇ ಹೋಗಿ ನೋಡಬೇಕೆಂದು ಹೊರಟಾಗ, ಕೆಸರಲ್ಲಿ ಯಾಕೆ ಬರ್ತೀಯ ಎಂದು ತಡೆದ. ಎಷ್ಟು ಕಾಳಜಿ ಇವನಿಗೆ ಎಂದುಕೊಂಡು ನಿಂತೆ.

ಮದುವೆಯ ದಿನ ಗುಬ್ಬಿಯಲ್ಲಿ ಬೆಳಿಗ್ಗೆಯಿಂದಲೇ ಮಳೆ. ಚಪ್ಪರದ ಮೇಲೆ ನೀರು ನಿಂತು, ಧಾರೆಯ ಹೊತ್ತಿಗೆ ಒಂದು ಮಗ್ಗುಲು ಜಗ್ಗಿತು. ಕೋರದಿಂದ ನೇರವಾಗಿ ಬಂದಿಳಿದಿದ್ದ ರಜಾಯಿಗಳೂ ಸೇರಿ ಉಡುಗೊರೆ ಸಾಮಾನೆಲ್ಲ ಆ ಮಗ್ಗುಲಲ್ಲೇ ಇತ್ತು. ನಾಗರಾಜ ಯಾರಿಗೂ ಕಾಯದೆ ರಜಾಯಿಗಳನ್ನು ಟಾರ್ಪಾಲಿನಲ್ಲಿ ಸುತ್ತಿ ತಲೆಯ ಮೇಲೆ ಹೊತ್ತು ಪಕ್ಕದ ಶಾಲೆಯ ಕೋಣೆಗೆ ಸಾಗಿಸಿದ. ಒಂದೂ ನೆನೆಯಲಿಲ್ಲ. ಕೊನೆಯ ಹೊರೆ ಇಳಿಸಿದಾಗ ಅವನ ಬಟ್ಟೆಯಿಂದ ನೀರು ಸುರಿಯುತ್ತಿತ್ತು. ನನ್ನ ಸೆರಗಿನಿಂದ ಅವನ ತಲೆ ಒರೆಸಿದೆ. ಅಧ್ಯಕ್ಷರು ಮೈಕಿನಲ್ಲಿ ನಮ್ಮ ಅಂಗಡಿಯ ಹೆಸರು ಹೇಳಿ ಚಪ್ಪಾಳೆ ಹೊಡೆಸಿದರು. ನನ್ನ ಪಕ್ಕದಲ್ಲಿ ನಿಂತಿದ್ದ ಅವನೂ ಚಪ್ಪಾಳೆ ಹೊಡೆದ.

ಸಂಕ್ರಾಂತಿಗೆ ಊರಿಗೆ ಹೋಗಿಬರುತ್ತೇನೆಂದು ಹೊರಟವನು ಹಬ್ಬ ಕಳೆದರೂ ಬರಲಿಲ್ಲ. ಹೆಂಡತಿಗೆ ಹುಷಾರಿಲ್ಲ ಎಂದು ಹೇಳಿ ಕಳಿಸಿದ. ಆ ದಿನಗಳಲ್ಲೇ ಒಂದು ಮಧ್ಯಾಹ್ನ, ಗುಬ್ಬಿಯಲ್ಲಿ ಮದುವೆಯಾದ ಭಾಗ್ಯ ಎಂಬ ಹುಡುಗಿ ತನ್ನ ತಾಯಿಯ ಜೊತೆ ಅಂಗಡಿಗೆ ಬಂದಳು. ಕುಣಿಗಲ್ ಕಡೆಯವರು. ತಾಯಿಯ ಹೆಗಲ ಮೇಲೆ ನಮ್ಮ ಹೂವಿನ ರಜಾಯಿ. ಹುಡುಗಿಯ ಕುತ್ತಿಗೆ, ಕೈ ತುಂಬ ಕೆಂಪು ಗಂದೆಗಳೆದ್ದಿದ್ದವು.

"ಇದೇನ್ ಹತ್ತಿಯೇನಮ್ಮ?" ಎಂದು ತಾಯಿ ರಜಾಯಿಯನ್ನು ಕೌಂಟರಿನ ಮೇಲೆ ಎಸೆದಳು. "ಮೂಸಿ ನೋಡಿ. ಅತ್ತೆ ಮನೇಲಿ ಇವಳನ್ನ ಹತ್ರ ಸೇರಿಸ್ತಿಲ್ಲ, ಏನೋ ಕಾಯ್ಲೆ ಇರೋ ಹುಡ್ಗೀನ ಕಟ್ಟವ್ರೆ ಅಂತಾರೆ."

ನಾನು ಒಂದು ಬದಿಯ ಹೊಲಿಗೆ ಬಿಚ್ಚಿ ಕೈ ಹಾಕಿದೆ. ಬಂದದ್ದು ನನ್ನ ಹತ್ತಿಯಲ್ಲ, ಬೂದು ಬಣ್ಣದ ಹಳೇ ಕೊಳಕು ಹತ್ತಿ. ಯಾವುದೋ ಲಾಡ್ಜಿನಲ್ಲಿ ವರ್ಷಗಟ್ಟಲೆ ಜನ ಹೊರಳಿ ಎಸೆದ ಹಾಸಿಗೆಗಳನ್ನು ಬಿಚ್ಚಿ ಮೆಷಿನ್ನಿಗೆ ಹಾಕಿದಂತಿತ್ತು. ನೀಲಿ ಪಟ್ಟೆ ಬಟ್ಟೆಯ ಚೂರು, ಬಣ್ಣದ ದಾರ, ಬೇರೆಯವರ ತಲೆಕೂದಲು. ಬೆವರು, ಮುಗ್ಗು ಕೂಡಿದ ವಾಸನೆ ಅಂಗಡಿ ತುಂಬಿತು. ತಪ್ಪಾಗಿದೆ, ನಾಗರಾಜ ಬಂದ ಮೇಲೆ ವಿಚಾರಿಸುತ್ತೇನೆ ಎಂದೆ.

ಭಾಗ್ಯ ಆಗ ಮೊದಲ ಸಲ ಬಾಯಿ ತೆರೆದಳು. "ಆ ಅಣ್ಣನ್ ಹತ್ರ ಮೊದ್ಲೇ ಹೋಗಿದ್ವಿ ಅಕ್ಕ. ಕುಣಿಗಲ್ಲಲ್ಲಿ ಹೊಸ ಅಂಗ್ಡಿ ಇಟ್ಟವ್ರಲ್ಲ. ಗುಬ್ಬಿ ರಜಾಯಿ ನಂದಲ್ಲ, ತುಮಕೂರು ಅಕ್ಕಂದು, ಅವರನ್ನೇ ಕೇಳ್ಕೊಳ್ಳಿ ಅಂದ್ರು."

ಆ ಹುಡುಗಿಗೆ ಅಂಗಡಿಯಲ್ಲಿದ್ದ ಒಳ್ಳೆಯ ರಜಾಯಿ ಕೊಟ್ಟೆ. ಅವಳ ಅತ್ತೆಗೆ ತೋರಿಸಲೆಂದು ಆ ಕೊಳಕು ಹತ್ತಿಯ ಒಂದು ಹಿಡಿಯನ್ನೂ ಕಾಗದದಲ್ಲಿ ಕಟ್ಟಿಕೊಟ್ಟೆ. ಅಂಗಡಿಗೆ ಬೀಗ ಹಾಕಿ ಕುಣಿಗಲ್ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನನ್ನ ಮನಸ್ಸು ಅವನ ಪರವಾಗಿಯೇ ವಾದ ಹುಡುಕುತ್ತಿತ್ತು. ಯಾರೋ ಅವನಿಗೆ ಮೋಸ ಮಾಡಿರಬೇಕು, ಹುಡುಗಿ ಬೇರೆ ಯಾರನ್ನೋ ನೋಡಿರಬೇಕು.

ಅಂಗಡಿ ಹುಡುಕಬೇಕಾಗಲಿಲ್ಲ. ಮುಖ್ಯರಸ್ತೆಯಲ್ಲೇ ಇತ್ತು, ಬೋರ್ಡಿನ ಬಣ್ಣ ಇನ್ನೂ ಹೊಸದು. ಒಳಗೆ ಗಲ್ಲಾಪೆಟ್ಟಿಗೆಯ ಮುಂದೆ ನಾಗರಾಜ ಕೂತಿದ್ದ. ಅವನ ಹಿಂದೆ ಬಾಯಿ ಬಿಚ್ಚಿದ ಮೂಟೆಗಳು, ಮಿಲ್ಲಿನ ಗುರುತಿನ ಸಮೇತ. ಒಳಗಿನ ಹತ್ತಿ ಹಾಲಿನಂತೆ ಬೆಳ್ಳಗಿತ್ತು. ನಾವು ಅಡುಗೆಮನೆಯಲ್ಲಿ ಮಲಗಿ ಕಾಪಾಡಿದ ಹತ್ತಿ.

ಅವನು ಎದ್ದು ನಿಂತ. "ಬಾ ಅಕ್ಕ, ಕೂತ್ಕೋ. ಕಾಫಿ ತರಿಸ್ಲಾ?" ಎಂದ.

"ಯಾಕೋ ಹಿಂಗ್ ಮಾಡ್ದೆ?" ಎಂದು ಕೇಳಿದೆ.

ಅವನು ರಸ್ತೆಯ ಕಡೆ ನೋಡುತ್ತ ಮೆಲ್ಲಗೆ ಹೇಳಿದ. "ಹನ್ನೊಂದು ವರ್ಷ ದುಡಿದೆ. ಬೋರ್ಡ್ ಮೇಲೆ ನಿನ್ ಹೆಸರು. ಗುಬ್ಬೀಲಿ ಮೈಕಲ್ಲೂ ನಿನ್ ಹೆಸರೇ. ಪಾಲು ಕೊಟ್ಟೆ ಅಂತೀಯ, ನಾಲ್ಕು ಜನದ ಮುಂದೆ ನಾನು ಏನು? ಅಕ್ಕನ್ ಅಂಗ್ಡೀಲಿ ಇರೋನು."

"ಬಾಯ್ ಬಿಟ್ಟು ಕೇಳಿದ್ರೆ ಬೋರ್ಡೇ ಬರ್ಕೊಡ್ತಿದ್ನಲ್ಲೋ. ಆ ಹುಡ್ಗಿ ನಿಂಗೇನ್ ಮಾಡಿದ್ಲು?"

"ಮೇಲಿನ್ ಬಟ್ಟೆ ನೋಡ್ತಾರೆ ಅಕ್ಕ, ಒಳಗ್ ಯಾರ್ ನೋಡ್ತಾರೆ. ಎಲ್ಲೋ ಒಬ್ರಿಗೆ ಆಗ್ಬರಲಿಲ್ಲ ಅಷ್ಟೆ" ಎಂದ. ಅಷ್ಟರಲ್ಲಿ ಗಿರಾಕಿಗಳು ಬಂದರು. ಅವನು ಅವರತ್ತ ತಿರುಗಿ, ನನ್ನ ಅಂಗಡಿಯಲ್ಲಿ ನಗುತ್ತಿದ್ದ ಅದೇ ನಗೆಯಲ್ಲಿ "ಬನ್ನಿ ಬನ್ನಿ" ಎಂದ. ನಾನು ಮೆಟ್ಟಿಲಿಳಿದೆ.

ಮನೆಯವರೆಗೂ ಕಣ್ಣೀರು ಬರಲಿಲ್ಲ. ಮರುದಿನ ಕೋರಕ್ಕೆ ಹೋದೆ, ಚಿಕ್ಕಮ್ಮನಿಗಾದರೂ ಹೇಳಿಕೊಳ್ಳಬೇಕಿತ್ತು. ಹಿತ್ತಲ ಶೆಡ್ಡಿನ ಮುಂದೆ ಬಿಚ್ಚಿದ ಹಳೇ ಹಾಸಿಗೆಗಳ ಪಟ್ಟೆ ಬಟ್ಟೆ ಇನ್ನೂ ರಾಶಿ ಬಿದ್ದಿತ್ತು. ಚಿಕ್ಕಮ್ಮ ಅದರ ಪಕ್ಕದಲ್ಲೇ ನಿಂತು, "ಅವ್ನೂ ಒಂದ್ ನೆಲೆ ಕಂಡ್ಕೊಳ್ಳಲಿ ಬುಡವ್ವ, ನಿಂಗೇನ್ ಕಮ್ಮಿಯಾಗೈತೆ" ಎಂದರು. ಆ ರಾಶಿಯನ್ನು ಆ ಮನೆಯವರೆಲ್ಲ ಎರಡು ತಿಂಗಳು ನೋಡುತ್ತಲೇ ಇದ್ದರು ಎಂಬುದು ನನಗೆ ಹೊಳೆದದ್ದು ಆಗ. ಹಬ್ಬಕ್ಕೆ ಬಂದು ನನ್ನ ಮನೆಯಲ್ಲಿ ಒಬ್ಬಟ್ಟು ತಿಂದು ಹೋದವರು ಅವರೇ.

ಪೊಲೀಸಿಗೆ ಹೋಗೋಣ ಎಂದರು ಯಜಮಾನರು. ನನಗೆ ಅದಕ್ಕಿಂತ ಮೊದಲು ಆ ರಜಾಯಿಗಳು ಬೇಕಿದ್ದವು. ನಲವತ್ತು ಮನೆಗಳಲ್ಲಿ ಹೊಸ ಮದುಮಕ್ಕಳು ಅದನ್ನೇ ಹೊದ್ದು ಮಲಗುತ್ತಿದ್ದರು. ಗುಬ್ಬಿಗೆ ಹೋಗಿ ಅಧ್ಯಕ್ಷರ ಮುಂದೆ ರಜಾಯಿ ಬಿಚ್ಚಿ ತೋರಿಸಿದೆ. "ನಾಗರಾಜ ನಿನ್ನೆ ಬಂದಿದ್ದ. ಹತ್ತಿ ತಂದವರು ಅಕ್ಕನೇ, ನಾನು ಕೂಲಿಗೆ ತುಂಬಿದೋನು ಅಂತ ಹೇಳ್ ಹೋದ" ಎಂದರು ಅಧ್ಯಕ್ಷರು. ನನ್ನನ್ನು ನಂಬಿದರೋ ಇಲ್ಲವೋ ಅವರ ಮುಖದಿಂದ ತಿಳಿಯಲಿಲ್ಲ. ಜೋಡಿಗಳ ವಿಳಾಸ ಮಾತ್ರ ಕೊಟ್ಟರು.

ಮತ್ತೆ ಹತ್ತಿ ತಂದೆ. ಅದರ ದುಡ್ಡಿಗೆ ಯಜಮಾನರ ಸ್ಕೂಟರ್ ಮಾರಬೇಕಾಯಿತು. ಟೆಂಪೋದಲ್ಲಿ ಹೊಸ ರಜಾಯಿ ಹೇರಿಕೊಂಡು ಗುಬ್ಬಿ, ಕುಣಿಗಲ್ ಸುತ್ತಿನ ಊರುಗಳಿಗೆ ನಾನೇ ಹೋದೆ. ಹಲವರು ಬದಲಾಯಿಸಿಕೊಂಡರು, ಕೆಲವರು ಹರಸಿದರು. ಕಷ್ಟವಾದದ್ದು ನನ್ನ ನಿಟ್ಟೂರಿನಲ್ಲಿ. ನಾನು ಲಂಗ ಹಾಕಿಕೊಂಡು ಓಡಾಡಿದ ಬೀದಿಯಲ್ಲೇ ಒಬ್ಬ ಹೆಂಗಸು ಬಾಗಿಲಿಗೆ ಅಡ್ಡ ನಿಂತಳು. "ಇನ್ನೊಂದ್ ಕೊಟ್ಟು ಇನ್ನೊಂದ್ ಸಲ ಮೋಸ ಮಾಡಕ್ಕೆ ಬಂದಿದ್ದೀಯೇನವ್ವ? ಹಳೇದನ್ನ ಸುಟ್ ಹಾಕಿದೀವಿ. ಹೋಗು." ಹೊಸ ರಜಾಯಿಯನ್ನು ಜಗುಲಿಯ ಮೇಲಿಟ್ಟು ಬಂದೆ. ಟೆಂಪೋ ತಿರುಗುವಾಗ ನೋಡಿದರೆ ಅದು ಬೀದಿಗೆ ಬಿದ್ದಿತ್ತು.

ಆಮೇಲಿನ ಮೂರು ನಾಲ್ಕು ವರ್ಷ ಮದುವೆ ಆರ್ಡರುಗಳು ನಮ್ಮ ಬೀದಿ ಬಿಟ್ಟು ಬೇರೆ ದಾರಿ ಹಿಡಿದವು. ಅವನು ಹೇಳಿದ ಸುಳ್ಳು ನನಗಿಂತ ಬೇಗ ಊರೂರು ಸುತ್ತಿತ್ತು. ಹುಡುಕಿಕೊಂಡು ಬಂದ ಹಳೇ ಗಿರಾಕಿಗಳಿಂದ ಅಂಗಡಿ ಉಳಿಯಿತು. ಭಾಗ್ಯ ತನ್ನ ಬಾಣಂತನಕ್ಕೆ ಪುಟ್ಟ ಹಾಸಿಗೆ ನಮ್ಮಲ್ಲೇ ಮಾಡಿಸಿದಳು. ನಾಗರಾಜನ ಅಂಗಡಿ ಚೆನ್ನಾಗಿಯೇ ನಡೆಯಿತು. ಅವನು ಹಾಳಾದ ಎಂದು ಬರೆಯಲು ನನಗೂ ಆಸೆಯಿದೆ, ಆದರೆ ಹಾಗಾಗಲಿಲ್ಲ.

2009ರಲ್ಲಿ, ಬೇಸಿಗೆಯ ಒಂದು ಬೆಳಿಗ್ಗೆ, ಅವನ ಹೆಂಡತಿ ಸವಿತಾ ಮಗಳು ರಶ್ಮಿಯನ್ನು ಕರೆದುಕೊಂಡು ಬಂದಳು. ಆ ಮಗು ನನ್ನ ಅಂಗಡಿಯ ಹತ್ತಿಯ ರಾಶಿಯ ಮೇಲೆ ನಿದ್ದೆ ಮಾಡಿ ಬೆಳೆದದ್ದು. ಈಗ ಮದುವೆ ಗೊತ್ತಾಗಿತ್ತು.

"ಹಾಸಿಗೆ, ರಜಾಯಿ ನಿಮ್ಮಲ್ಲೇ ಆಗ್ಬೇಕು ಅತ್ತಿಗೆ" ಎಂದಳು ಸವಿತಾ, ನೆಲ ನೋಡುತ್ತ.

"ನಿಮ್ಮದೇ ಅಂಗ್ಡಿ ಐತಲ್ಲ" ಎಂದೆ.

"ಅವ್ರೇ ಕಳಿಸಿದ್ದು. ಮಗಳು ಮಲಗೋದು, ಅಕ್ಕನ್ ಹತ್ರಾನೇ ಮಾಡ್ಸು ಅಂದ್ರು."

ಎಷ್ಟೋ ವರ್ಷ ಅವನ ಬಾಯಿಂದ ಒಂದು ಮಾತಿಗಾಗಿ ಕಾದಿದ್ದೆ. ಅದು ಬಂದದ್ದು ಹೀಗೆ, ಇನ್ನೊಬ್ಬರ ಬಾಯಲ್ಲಿ, ಆರ್ಡರಿನ ರೂಪದಲ್ಲಿ. ಸಂತೋಷವಾಗಲಿಲ್ಲ. ಅವನಿಗೆ ಅಂದೂ ಎಲ್ಲ ಗೊತ್ತಿತ್ತು, ಇಂದೂ ಗೊತ್ತಿದೆ ಎಂಬುದಷ್ಟೇ ಖಚಿತವಾಯಿತು. ಬೇಡ ಎನ್ನಬಹುದಿತ್ತು. ಹುಡುಗಿಯ ಮುಖ ನೋಡಿ ಒಪ್ಪಿಕೊಂಡೆ.

ರಜಾಯಿಯನ್ನು ನಾನೇ ತುಂಬಿ, ದಬ್ಬಳ ಹಿಡಿದು ಹೊಲಿದೆ. ಒಂದು ಮೂಲೆಯನ್ನು ಮಾತ್ರ ಹೊಲಿಯದೆ ಬಿಟ್ಟೆ. ಗುಬ್ಬಿಯ ಮದುವೆಯ ನಂತರ ನಾನು ಮಾಡಿಕೊಂಡ ಕ್ರಮವದು: ಗಿರಾಕಿ ಬಂದು ಕೈ ಹಾಕಿ ಹತ್ತಿ ಎಳೆದು ನೋಡಿದ ಮೇಲೆಯೇ ಆ ಮೂಲೆ ಮುಚ್ಚುವುದು. ರಶ್ಮಿ ತೆಗೆದುಕೊಂಡು ಹೋಗಲು ಬಂದಾಗ ಅವಳಿಗೂ ಹಾಗೇ ಹೇಳಿದೆ.

"ಬೇಡ ಅತ್ತೆ, ಅಕ್ಕಂದು ನೋಡೋದೇನೂ ಬೇಕಿಲ್ಲ ಅಂತ ಅಪ್ಪ ಹೇಳವ್ರೆ" ಎಂದಳು.

ಅವಳ ಕೈ ಹಿಡಿದು ನಾನೇ ಆ ತೆರೆದ ಮೂಲೆಯೊಳಗೆ ತಳ್ಳಿದೆ. "ನೋಡು ಕಣವ್ವ, ಪೂರ್ತಿ ಒಳಗ್ ಹಾಕು. ನಂದೇ ಆದ್ರೂ ನೋಡೇ ತಗೋ" ಎಂದೆ. ಅವಳು ಒಂದು ಹಿಡಿ ಹತ್ತಿ ಎಳೆದು ಬೆಳಕಿಗೆ ಹಿಡಿದಳು, ಮೂಸಿದಳು, ನಕ್ಕು ತಲೆಯಾಡಿಸಿದಳು. ಆಮೇಲೆ ಮೂಲೆ ಹೊಲಿದು ಕೊಟ್ಟೆ. ಮದುವೆಗೆ ನಾನು ಹೋಗಲಿಲ್ಲ.

ಕಣ್ಣಿಗೆ ಕಾಣದ್ದನ್ನು ಮಾರುವ ಕಸುಬು ನಮ್ಮದು. ಗಿರಾಕಿ ನಂಬಿ ಕಾಸು ಕೊಡುತ್ತಾನೆ, ನಾವು ಅದಕ್ಕೆ ಹೊಲಿಗೆ ಹಾಕಿ ಮುಚ್ಚುತ್ತೇವೆ. ಕೋರದ ಶೆಡ್ಡಿಗೆ ಕೆಸರಿದ್ದರೂ ಒಮ್ಮೆ ಹೋಗಿ ಕೈ ಹಾಕಿ ನೋಡಿದ್ದರೆ ನಲವತ್ತು ಮನೆಗಳು ಉಳಿಯುತ್ತಿದ್ದವು, ನನ್ನ ತಮ್ಮನೂ ಉಳಿಯುತ್ತಿದ್ದನೋ ಏನೋ. ಹತ್ತಿರದವರ ಕೆಲಸವನ್ನು ನೋಡಿಯೇ ಒಪ್ಪಿಕೊಳ್ಳುವುದು ಅವರಿಗೆ ಮಾಡುವ ಅವಮಾನವಲ್ಲ ಎಂದು ಈ ಅಂಗಡಿ ನನಗೆ ಕಲಿಸಿತು. ಕಲಿಯಲು ನಾನು ತೆತ್ತದ್ದು ಹೆಚ್ಚಾಯಿತು. ಇವತ್ತಿಗೂ ಯಾರಾದರೂ "ನನಗೆ ಬುಡಿ, ನಾನ್ ನೋಡ್ಕೋತೀನಿ" ಎಂದರೆ, ಅವರು ಎಷ್ಟೇ ಒಳ್ಳೆಯವರಿರಲಿ, ನಾನು ಚಪ್ಪಲಿ ಮೆಟ್ಟಿಕೊಂಡು ಅವರ ಹಿಂದೆಯೇ ಹೊರಡುತ್ತೇನೆ.