ಹಗೇವಿನಲ್ಲಿ ಉರಿಯದ ಬೆಳಕು

ನಂಬಿ ಎಂದು ನಿಮ್ಮನ್ನು ಕೇಳುವುದಿಲ್ಲ. ನಮ್ಮ ಮನೆಯವರೇ ಇವತ್ತಿಗೂ ಅರ್ಧ ನಂಬುತ್ತಾರೆ, ಇನ್ನರ್ಧ ಕಂಪ್ಯೂಟರ್ ಕೆಟ್ಟಿತ್ತು ಅನ್ನುತ್ತಾರೆ. ಆದರೆ ಆ ರಾತ್ರಿ ಅದರ ಮುಂದೆ ಕುಳಿತಿದ್ದವಳು ನಾನು, ಅವರಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷ ಆಗಿತ್ತು. ಶಹಾಬಾದಿನಲ್ಲಿ, ನಮ್ಮ ಮನೆಯ ಮುಂದಿನ ಕೋಣೆಯಲ್ಲೇ, ನಮ್ಮದು ಮನೆ ಕಟ್ಟಿಸಿಕೊಡುವ ಸಣ್ಣ ಆಫೀಸು. ಹೊರಗಿನ ಕೆಲಸ ನಮ್ಮ ಯಜಮಾನರದು, ಕಂಪ್ಯೂಟರ್ ನನ್ನದು. ಗೋಡೆ, ಬಾಗಿಲು, ಮೆಟ್ಟಿಲು ಎಲ್ಲ ಅದರೊಳಗೇ ಎಬ್ಬಿಸಿ, ಬುನಾದಿ ತೋಡುವ ಮೊದಲೇ ಮಾಲೀಕರನ್ನು ಅವರ ಹೊಸ ಮನೆಯಲ್ಲಿ ಓಡಾಡಿಸುತ್ತಿದ್ದೆ. ವರ್ಚುವಲ್ ರಿಯಾಲಿಟಿ ಅಂತ ಬೋರ್ಡಿನ ಮೇಲೂ ಬರೆಸಿದ್ದೆವು. ಕಟ್ಟಿಸುವವರಿಗಿಂತ ಸುಮ್ಮನೆ ನೋಡಲು ಬರುವವರೇ ಜಾಸ್ತಿ.

ಚಿತ್ತಾಪುರದ ಶರಣಪ್ಪ ಎಂಬವರ ಹಳೇ ಮನೆ ಕೆಡವಿ ಹೊಸದು ಕಟ್ಟುವ ಕೆಲಸ ಹಿಡಿದಿದ್ದೆವು. ಪಡಸಾಲೆಯ ನೆಲಕ್ಕೆ ಹಾಸಿದ ಪರಸಿಕಲ್ಲು ಕೀಳುವಾಗ ಕೆಳಗೆ ಹಗೇವು ಸಿಕ್ಕಿತು. ಜೋಳ ತುಂಬಿಡಲು ಹಿಂದಿನವರು ನೆಲದೊಳಗೆ ತೋಡಿದ ಕಣಜ ಅದು. ಬಾಯಿ ಒಬ್ಬರು ಇಳಿಯುವಷ್ಟು, ಒಳಗೆ ಒಂದು ಕೋಣೆಯಷ್ಟು. ಶರಣಪ್ಪನವರಿಗೆ ಅದನ್ನು ಮುಚ್ಚಲು ಮನಸ್ಸಿಲ್ಲ. ನೀರಿನ ಟ್ಯಾಂಕು ಮಾಡೋಣ ಎಂದರು.

ಸಂಜೆ ಮನೆಗೆ ಬಂದವರೇ ಇವರು ಹೇಳಿದರು, "ಸುಧಾ, ನಾಳಿ ಮುಂಜಾನೆ ನಾನೇ ಹಗೇವದಾಗ ಇಳದು ಅಳತಿ ತಗೋತೀನಿ. ನೀ ಇವತ್ತ ಅಂದಾಜಿನ ಮ್ಯಾಲ ಒಂದು ಚಿತ್ರ ಮಾಡಿಡು."

"ಒಳಗ ಗಾಳಿ ಹ್ಯಾಂಗ ಅದನೋ ಏನೋರಿ."

"ನೀ ಸುಮ್ನ ಅಂಜಾಕತ್ತಿ. ಬಾಯಿ ತೆಗದಿಟ್ಟು ಬಂದೀನಿ, ರಾತ್ರಿ ಪೂರಾ ಗಾಳಿ ಆಡ್ತದ. ಕೈಯಾಗ ಬ್ಯಾಟ್ರಿ ಇರ್ತದ, ಮತ್ತೇನು?"

ಇವರ ಧೈರ್ಯ ಕಂಡರೆ ನನಗೆ ಮೊದಲಿನಿಂದಲೂ ಮೈಯೆಲ್ಲ ಉರಿಯುತ್ತದೆ.

ಊಟ ಮಾಡಿ ಇವರು ಮಲಗಿದರು. ನಾನು ಕಂಪ್ಯೂಟರಿನಲ್ಲಿ ಹಗೇವು ತೋಡಿ, ತಳದಲ್ಲಿ ಒಂದು ದೀಪ ಇಟ್ಟು, ಮೇಲಿನಿಂದ ಕೆಳಗೆ ನೋಡುವ ಹಾಗೆ ಕ್ಯಾಮೆರಾ ನಿಲ್ಲಿಸಿದೆ. ಆಗಿನ ಕಂಪ್ಯೂಟರು... ಚಿತ್ರ ಒಂದೊಂದೇ ಗೆರೆಯಾಗಿ ಇಳಿದು ಬರುತ್ತಿತ್ತು. ಪಡಸಾಲೆ ಬಂತು, ಕಂಬ ಬಂತು, ಎಲ್ಲ ಬೆಳ್ಳಗೆ. ಹಗೇವು ಮಾತ್ರ ಕಪ್ಪು.

ದೀಪ ದೊಡ್ಡದು ಮಾಡಿದೆ. ಕಪ್ಪು. ಇನ್ನೊಂದು ಇಟ್ಟೆ. ಕಪ್ಪು... ಅದೇ ದೀಪ ಚಿತ್ರದ ಅಡುಗೆಮನೆಯಲ್ಲಿಟ್ಟರೆ ಉರಿಯಿತು, ಹಗೇವಿಗೆ ತಂದರೆ ಆರಿತು.

ಅಷ್ಟರಲ್ಲಿ ವಾಸನೆ ಬಂತು. ಮುಗ್ಗಿದ ಜೋಳದ ವಾಸನೆ. ನಮ್ಮ ಅಡುಗೆಮನೆಗೆ ಹೋಗಿ ಹಿಟ್ಟಿನ ಡಬ್ಬಿ ತೆರೆದು ಮೂಸಿದೆ. ಹಿಟ್ಟು ಚೆನ್ನಾಗಿತ್ತು. ವಾಸನೆ ಕಂಪ್ಯೂಟರ್ ಇದ್ದ ಕೋಣೆಯಲ್ಲೇ ಇತ್ತು.

ಕೊನೆಯ ಸಲ ನೋಡೋಣ ಎಂದು ಕಂಪ್ಯೂಟರಿಗೆ ಮತ್ತೆ ಚಿತ್ರ ಮೂಡಿಸಲು ಬಿಟ್ಟೆ. ಈ ಸಲ ಪಡಸಾಲೆ ಬರಲೇ ಇಲ್ಲ. ಪರದೆಯೆಲ್ಲ ಕಪ್ಪು, ನಡುವೆ ಒಂದು ಬೆಳ್ಳನೆಯ ದುಂಡು. ಅಂತೂ ದೀಪ ಹತ್ತಿತು ಅಂದುಕೊಂಡೆ... ಅಲ್ಲ. ಅದು ಹಗೇವಿನ ಬಾಯಿ. ತಳದಲ್ಲಿ ನಿಂತು ಕತ್ತೆತ್ತಿದವರಿಗೆ ಕಾಣುವ ಬಾಯಿ. ಅದರ ಅಂಚಿನಿಂದ ಯಾರೋ ಬಗ್ಗಿ ಒಳಗೆ ಇಣುಕುತ್ತಿದ್ದರು. ಮುಖ ಕಾಣಲಿಲ್ಲ. ಕೊರಳಿನಿಂದ ಟವೆಲ್ಲೊಂದು ಜೋತುಬಿದ್ದಿತ್ತು.

ಆ ಮನೆಯಲ್ಲಿ ನಾನು ಒಬ್ಬ ಮನುಷ್ಯನನ್ನೂ ಇಟ್ಟಿರಲಿಲ್ಲ.

ಕರೆಂಟು ಹೋಯಿತು. ಯುಪಿಎಸ್ಸು ಕುಂಯ್ ಕುಂಯ್ ಎನ್ನತೊಡಗಿತು. ಕತ್ತಲೆ ಕೋಣೆಯಲ್ಲಿ ಆ ಬೆಳ್ಳನೆಯ ದುಂಡು ಒಂದೇ ಉಳಿಯಿತು... ಆಮೇಲೆ ಅದೂ ಆರಿತು.

ಆಗ ನೆನಪಾಯಿತು. ಸೇಡಮ್ಮಿನ ನಮ್ಮ ಅಜ್ಜಿ ಮನೆಯಲ್ಲಿ ಹಗೇವು ತೆಗೆದ ದಿನ ಮೊದಲು ಕಂದೀಲು ಹಚ್ಚಿ ಹಗ್ಗದಲ್ಲಿ ಇಳಿಸುತ್ತಿದ್ದರು. ಅದು ಆರಿದರೆ ಯಾರೂ ಇಳಿಯುವಂತಿಲ್ಲ, ಒಳಗೆ ಕೆಟ್ಟ ಗಾಳಿ ಎಂದು ಅರ್ಥ. ಬ್ಯಾಟರಿಗೆ ಗಾಳಿ ಬೇಡ, ಎಲ್ಲಿ ಬೇಕಾದರೂ ಉರಿಯುತ್ತದೆ. ಕಂಪ್ಯೂಟರಿನ ದೀಪಕ್ಕೂ ಬೇಡ... ಆದರೂ ಅದು ಆರಿತ್ತು.

ಮುಂಜಾನೆ ಕಂದೀಲು ಹಿಡಿದು ನಾನೂ ಹೊರಟೆ. ಚಿತ್ತಾಪುರ ಮುಟ್ಟುವವರೆಗೆ ಬಸ್ಸಿನಲ್ಲಿ ಇವರು ನನ್ನ ಪರಿಚಯವೇ ಇಲ್ಲದವರಂತೆ ಕುಳಿತಿದ್ದರು.

"ಅಕ್ಕಾರ, ಹಾಡಹಗಲ ಕಂದೀಲ ಯಾಕ್ರಿ?" ಶರಣಪ್ಪನವರು ಕೇಳಿದರು.

"ಮೊದಲ ಇದು ಇಳೀಲಿ. ಆಮ್ಯಾಲ ಅವ್ರು."

ಕಂದೀಲು ಬಾಯಿ ದಾಟಿತು. ಉರಿ ಸಣ್ಣದಾಯಿತು. ಇನ್ನೊಂದು ಮಾರು ಹಗ್ಗ ಬಿಟ್ಟೆವು... ಆರಿತು. ಮತ್ತೆ ಹಚ್ಚಿ ಇಳಿಸಿದೆವು, ಮತ್ತೆ ಆರಿತು. ಶರಣಪ್ಪನವರು "ಶಿವ ಶಿವಾ" ಎಂದು ಅಲ್ಲೇ ಕುಳಿತುಬಿಟ್ಟರು. ನನಗೆ ಅಳು ತಡೆಯಲಾಗಲಿಲ್ಲ. ಎಲ್ಲರೆದುರೇ ಅತ್ತೆ.

ಇವರಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ. ಅಂಚಿಗೆ ಮಂಡಿಯೂರಿ, ಬಗ್ಗಿ ಒಳಗೆ ಇಣುಕಿದರು. ಬಿಸಿಲಿಗೆಂದು ಹಾಕಿಕೊಂಡಿದ್ದ ಟವೆಲ್ಲು ಕೊರಳಿನಿಂದ ಜೋತುಬಿತ್ತು. ನಾನು ಅಂಗಿ ಹಿಡಿದು ಹಿಂದಕ್ಕೆ ಎಳೆದೆ.

"ಏನಾತು?"

"ಏನಿಲ್ಲ. ಏಳ್ರಿ ಮೊದಲ."

ಅವತ್ತೇ ಶರಣಪ್ಪನವರು ಹಗೇವಿಗೆ ಮಣ್ಣು ತುಂಬಿಸಿದರು. ಎಷ್ಟೋ ದಿನದ ಮೇಲೆ ಆ ಚಿತ್ರವನ್ನು ಮತ್ತೆ ತೆರೆದೆ. ತಳದ ದೀಪಗಳೆಲ್ಲ ಚೆನ್ನಾಗಿ ಉರಿಯುತ್ತಿದ್ದವು. ಕ್ಯಾಮೆರಾ ನಾನಿಟ್ಟಲ್ಲೇ, ಮೇಲೆಯೇ ಇತ್ತು.

ಹಾಗಾದರೆ ಆ ರಾತ್ರಿ ತಳದಲ್ಲಿ ನಿಂತು ಇವರನ್ನು ನೋಡಿದವರು ಯಾರು? ನನ್ನನ್ನು ಎಚ್ಚರಿಸಿದರೋ, ಇವರಿಗಾಗಿ ಕಾಯುತ್ತಿದ್ದರೋ... ಗೊತ್ತಿಲ್ಲ. ಇವರು ಈಗಲೂ ಕೊರಳಿಗೆ ಟವೆಲ್ಲು ಹಾಕಿಕೊಂಡು ಬಾವಿಯನ್ನೋ ನೀರಿನ ತೊಟ್ಟಿಯನ್ನೋ ಬಗ್ಗಿ ನೋಡಿದರೆ, ನಾನು ಹೋಗಿ ಹಿಂದಿನಿಂದ ಅಂಗಿ ಹಿಡಿದುಕೊಳ್ಳುತ್ತೇನೆ.